ನೋವಿಲ್ಲದ ಕಾಲು ಮತ್ತು ತಲಪಾಡಿಯ ದಾರಿ

ಕಾಸರಗೋಡಿನವರು ಕಾಲಿನ ಹುಣ್ಣಿಗೂ ಮಂಗಳೂರಿಗೇ ಏಕೆ ಹೋಗುತ್ತಾರೆ, ಹೋಗುವುದೇ ಆದರೆ ಬೆರಳು ಕಪ್ಪಾಗುವ ತನಕ ಏಕೆ ಕಾಯುತ್ತಾರೆ ಎಂದು ನೀವು ಕೇಳಿದ್ದೀರಿ. ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ವೈದ್ಯನಲ್ಲ. ಆದರೆ ನೆರೆಕರೆಯ ಹಲವರನ್ನು ಅಂಥ ಆಸ್ಪತ್ರೆಗಳಿಗೆ ಕರೆದೊಯ್ದವನು. ಕಂಡದ್ದನ್ನೂ ವೈದ್ಯರಿಂದ ಕೇಳಿ ತಿಳಿದುಕೊಂಡದ್ದನ್ನೂ ಬರೆಯುತ್ತೇನೆ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು, ಜಿಲ್ಲಾ ಕೇಂದ್ರ ಮಂಗಳೂರೇ ಆಗಿತ್ತು. 1848ರ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ ನಮ್ಮ ಅಜ್ಜಂದಿರಿಗೆ ಪರರಾಜ್ಯದವಾಗಿರಲಿಲ್ಲ. ಇಂದಿಗೂ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಸುಮಾರು 50 ಕಿಲೋಮೀಟರ್, ತಿರುವನಂತಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲೇ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಆದರೂ ಮೂಳೆಯೊಳಗೆ ಹೊಕ್ಕ ಸೋಂಕಿನಂತಹ ಕಾಯಿಲೆಗೆ ಈ ಭಾಗದ ಜನ ಇನ್ನೂ ರಾಜ್ಯದ ಗಡಿಯಾದ ತಲಪಾಡಿ ದಾಟುತ್ತಾರೆ. 2020ರ ಮಾರ್ಚಿನಲ್ಲಿ ಕೋವಿಡ್ ತಡೆಗೆಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಎರಡು ದಿನಕ್ಕೊಮ್ಮೆ ಹುಣ್ಣು ತೊಳೆಸಿ ಕಟ್ಟಿಸಿಕೊಳ್ಳಬೇಕಾದವರ ಪಾಡು ಏನಾಗಿತ್ತೆಂಬುದನ್ನು ಇಲ್ಲಿನವರು ಮರೆತಿಲ್ಲ.

ತಡವಾಗುವುದಕ್ಕೆ ಮಾತ್ರ ದಾರಿ ಕಾರಣವಲ್ಲ. ಮಧುಮೇಹ ಹಳೆಯದಾದವರಿಗೆ ಕಾಲು ನೋಯುವುದಿಲ್ಲ, ಅದೇ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ, ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದ್ದರೆ ಕೇರಳದಲ್ಲಿ ಅದು ಶೇ. 25.5 ಎಂದು ತಿಳಿದುಬಂತು. ಸಕ್ಕರೆ ಹತ್ತು ಹದಿನೈದು ವರ್ಷ ಏರಿಯೇ ಇದ್ದರೆ ಪಾದದ ನರಗಳು ತುದಿಯಿಂದ ಮೇಲಕ್ಕೆ ಸ್ಪರ್ಶವನ್ನು ಕಳೆದುಕೊಳ್ಳುತ್ತವೆ. ಅಂಥ ಕಾಲಿನಲ್ಲಿ ನಮ್ಮವರು ಬರಿಗಾಲಲ್ಲಿ ಅಡಿಕೆ ತೋಟದ ಕಣಿಗೆ, ಅಂದರೆ ನೀರು ಹರಿಯುವ ಕಾಲುವೆಗೆ, ಇಳಿಯುತ್ತಾರೆ, ನೀರಿಗಾಗಿ ಗುಡ್ಡಕ್ಕೆ ಕೊರೆಯುವ ಸುರಂಗದೊಳಗೆ ಮುರಕಲ್ಲು ಕಡಿಯುತ್ತಾರೆ, ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಚಪ್ಪಡಿಯ ಮೇಲೆ ದೇವರಿಗೆ ಪ್ರದಕ್ಷಿಣೆ ಬರುತ್ತಾರೆ. ನಮ್ಮ ಪಕ್ಕದ ಮನೆಯ ಅಕ್ಕ ಹೀಗೆ ಮೂರು ಸುತ್ತು ಬಂದು ಮನೆ ಸೇರಿದ ಮೇಲೆ, ನೆಲದಲ್ಲಿ ಒದ್ದೆ ಹೆಜ್ಜೆ ಕಂಡು ಮೊಮ್ಮಗಳು ಕೂಗಿದಾಗಲೇ ಅಂಗಾಲಿನ ಬೊಕ್ಕೆ ಒಡೆದಿದೆಯೆಂದು ಅವರಿಗೆ ತಿಳಿದದ್ದು.

ನನ್ನ ಸೋದರಮಾವನ ಕಾಲಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ರೋಗ ಯಾವುದೆಂದು ಗುರುತಿಸುವುದರ ಕಷ್ಟ ನನಗೆ ಅರ್ಥವಾದದ್ದು ಅಲ್ಲಿಯೇ. ತೋಟದಲ್ಲಿ ಕಾಲು ಉಳುಕಿತು, ಸಂಜೆಗೆ ಪಾದ ಕೆಂಪಗೆ ಬಾತು ಬಿಸಿಯಾಯಿತು, ಆದರೆ ನೋವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ಕೀವು ಕಟ್ಟಿದೆಯೆಂದು ತಿಳಿದು ಎರಡು ಸರದಿ ಆ್ಯಂಟಿಬಯೋಟಿಕ್ ಕೊಟ್ಟರು, ಮೂರನೆಯ ಭೇಟಿಯಲ್ಲಿ ಕೊಯ್ದು ನೋಡೋಣ ಎಂದರು. ಮಂಗಳೂರಿನಲ್ಲಿ ಕಂಡ ಶಸ್ತ್ರಚಿಕಿತ್ಸಕರು ಕತ್ತಿ ಹಿಡಿಯುವ ಮೊದಲು ಕೈ ಇಟ್ಟು ನೋಡಿದರು. ಎರಡೂ ಪಾದಗಳ ಮೇಲೆ ಅಂಗೈಯ ಹಿಂಬದಿಯನ್ನು ಒತ್ತಿ, ಅನಂತರ ಉಷ್ಣಮಾಪಕ ಹಿಡಿದು ಬಿಸಿಯ ಅಂತರವನ್ನು ಬರೆದುಕೊಂಡರು. ಎಲ್ಲಿಯಾದರೂ ಗಾಯವಿದೆಯೇ ಎಂದು ಬೆರಳ ಸಂದುಗಳನ್ನೆಲ್ಲ ಬಿಡಿಸಿ ನೋಡಿದರು, ಇರಲಿಲ್ಲ. ಮಲಗಿಸಿ ಕಾಲನ್ನು ಎತ್ತಿ ಹತ್ತು ನಿಮಿಷ ಹಿಡಿಸಿದಾಗ ಕೆಂಪು ಬಹುಮಟ್ಟಿಗೆ ಇಳಿಯಿತು. ಕೀವಿನ ಸೋಂಕಾಗಿದ್ದರೆ ಸಾಮಾನ್ಯವಾಗಿ ಹಾಗೆ ಇಳಿಯುವುದಿಲ್ಲ ಎಂದರು. ಕೊನೆಗೆ ನೈಲಾನಿನ ಒಂದು ದಪ್ಪ ಎಳೆ ತೆಗೆದರು. ಅದು ಬಾಗುವಷ್ಟು ಒತ್ತಿದರೆ ಚರ್ಮದ ಮೇಲೆ ಬೀಳುವುದು 10 ಗ್ರಾಂ ಭಾರ. ಮಾವ ಕಣ್ಣು ಮುಚ್ಚಿ, ತಾಗಿದಾಗ ‘ಹೂಂ’ ಎನ್ನಬೇಕು. ಹೆಬ್ಬೆರಳಿನ ಬುಡದಲ್ಲಿ ಎಳೆ ಬಿಲ್ಲಿನಂತೆ ಬಾಗುವುದನ್ನು ನಾನು ನೋಡುತ್ತಲೇ ಇದ್ದೆ, ಮಾವ ಮಾತ್ರ ಇನ್ನೂ ಪರೀಕ್ಷೆ ಆರಂಭವಾಗಲಿಲ್ಲವೆಂದು ತಿಳಿದು ಸುಮ್ಮನೆ ಮಲಗಿದ್ದರು.

ಎಕ್ಸ್-ರೇಯಲ್ಲಿ ಪಾದದ ನಡುವಿನ ಮೂಳೆಗಳು ಮುರಿದು ಜಾರಿದ್ದವು. ಇದು ಶಾರ್ಕೋ ಪಾದ. ಫ್ರಾನ್ಸಿನ ವೈದ್ಯ ಶಾರ್ಕೋ ನರ ಸತ್ತ ಕೀಲುಗಳ ಈ ಸವೆತವನ್ನು 1868ರಲ್ಲಿ ವಿವರಿಸಿದ್ದರಿಂದ ಈ ಹೆಸರು. ನೋವಿನ ಎಚ್ಚರಿಕೆ ಇಲ್ಲದ ಮನುಷ್ಯ ಮುರಿದ ಮೂಳೆಯ ಮೇಲೆಯೇ ನಡೆಯುತ್ತಾ ಹೋಗುತ್ತಾನೆ, ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದಂತೆ ಹೊರಬಾಗುತ್ತದೆ, ಆ ಉಬ್ಬಿನ ಮೇಲೆ ಹುಣ್ಣಾಗುತ್ತದೆ, ಆ ಹುಣ್ಣಿನ ಮೂಲಕ ಸೋಂಕು ಮೂಳೆಗಿಳಿಯುತ್ತದೆ. ಮಾವನಿಗೆ ಆಗ ಕೊಯ್ಯಬೇಕಾಗಿರಲಿಲ್ಲ. ಪಾದಕ್ಕೂ ಮೊಣಕಾಲಿನ ಕೆಳಗಿನ ಭಾಗಕ್ಕೂ ಅಂಟಿಕೊಂಡಂತೆ ಕೂರುವ ಪ್ಲಾಸ್ಟರ್ ಹಾಕಿ, ಬಾವು ಇಳಿದಂತೆ ಅದನ್ನು ಮತ್ತೆ ಮತ್ತೆ ಬದಲಿಸಿ, ಎರಡು ಪಾದಗಳ ಬಿಸಿಯ ಅಂತರ 2 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯುವ ತನಕ ತಿಂಗಳುಗಟ್ಟಲೆ ಭಾರ ಹಾಕದಂತೆ ನೋಡಿಕೊಂಡರು. ಮೂಳೆ ಚಾಚಿ ಹುಣ್ಣು ಮಾಡುತ್ತಿದ್ದರೆ ಆ ಚಾಚನ್ನು ಕೆತ್ತಿ ತೆಗೆಯುವುದು, ಪಾದ ನಿಲ್ಲಲಾರದಷ್ಟು ಸಡಿಲವಾದರೆ ತಿರುಪು ಸರಳುಗಳಿಂದಲೋ ಹೊರಗಿನ ಉಂಗುರ ಚೌಕಟ್ಟಿನಿಂದಲೋ ಕೀಲುಗಳನ್ನು ಬೆಸೆಯುವುದು ಸಾಮಾನ್ಯವಾಗಿ ಉರಿ ಆರಿದ ಅನಂತರದ ಮಾತು.

ಈ ಪ್ಲಾಸ್ಟರಿನ ವಿದ್ಯೆಗೆ ನಮ್ಮ ದಕ್ಷಿಣದ ನೆಲದ ಋಣವಿದೆ. ಸ್ಪರ್ಶ ಕಳೆದ ಪಾದಗಳನ್ನು ಮೊದಲು ಶ್ರದ್ಧೆಯಿಂದ ಅರಿತದ್ದು ಕುಷ್ಠರೋಗದ ವೈದ್ಯರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್, ಕುಷ್ಠ ರೋಗಿಗಳ ಬೆರಳು ಕೊಳೆತು ಉದುರುವುದಿಲ್ಲ, ನೋವರಿಯದ ಅಂಗಕ್ಕೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಸವೆಯುತ್ತದೆ ಎಂದು ತೋರಿಸಿಕೊಟ್ಟರು. ಇಂಥ ಪ್ಲಾಸ್ಟರನ್ನೂ ಮೆತ್ತನೆಯ ಅಟ್ಟೆಯ ಚಪ್ಪಲಿಯನ್ನೂ ಬಳಕೆಗೆ ತಂದವರಲ್ಲಿ ಅವರು ಪ್ರಮುಖರು. ಮುಂಗಾಲು ಜೋತುಬಿದ್ದವರಿಗೆ ಹಿಂಬದಿಯ ಸ್ನಾಯುರಜ್ಜುವೊಂದನ್ನು ಮುಂದಕ್ಕೆ ತಂದು ಹೊಲಿದು ಪಾದವನ್ನು ಮತ್ತೆ ಎತ್ತುವಂತೆ ಮಾಡುವ ಶಸ್ತ್ರಚಿಕಿತ್ಸೆಯೂ ಇಂಥ ರೋಗಿಗಳ ನಡುವೆಯೇ ಪಳಗಿತು.

ಗಾಯವಿದ್ದರೆ ಲೆಕ್ಕ ಬೇರೆ. ಮೊಂಡು ತುದಿಯ ಉಕ್ಕಿನ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲನೆ ಇಳಿಸಿದಾಗ ಗಟ್ಟಿಯಾಗಿ, ಕಲ್ಲಿಗೆ ತಾಗಿದಂತೆ ತಾಗಿದರೆ ಸೋಂಕು ಮೂಳೆಗೆ ಹೋಗಿರುವ ಸಂಭವ ಹೆಚ್ಚು. ಮೇಲಿನ ಕೀವನ್ನು ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಲದು, ಆಳದ ಮಾಂಸವನ್ನೋ ಮೂಳೆಯ ಚೂರನ್ನೋ ಕೊಡಬೇಕು. ಕಾಲಿಗೆ ರಕ್ತ ಇಳಿಯುತ್ತಿದೆಯೇ ಎಂಬುದನ್ನೂ ನೋಡಬೇಕು, ರಕ್ತವಿಲ್ಲದ ಕಾಲಿನಲ್ಲಿ ಬೆರಳು ತೆಗೆದ ಗಾಯ ಮಾಯುವುದಿಲ್ಲ. ಆದರೆ ಚರ್ಮದಡಿ ಗಾಳಿ ಸೇರಿ ಒತ್ತಿದಾಗ ಚರಚರ ಎನ್ನುತ್ತಿದ್ದರೆ, ಜ್ವರದೊಂದಿಗೆ ಕಪ್ಪು ಗಂಟೆಗಂಟೆಗೆ ಮೇಲೇರುತ್ತಿದ್ದರೆ, ಅಂದೇ ಕೊಯ್ದು ಸತ್ತ ಭಾಗವನ್ನೆಲ್ಲ ತೆಗೆಯಬೇಕು. ನಾಳೆ ಬೆಳಗಿನ ಬಸ್ಸಿಗೆ ಹೊರಡೋಣ ಎನ್ನುವ ಮಾತು ಅಲ್ಲಿ ಜೀವಕ್ಕೇ ಮುಳುವು.

ಕರಾವಳಿಯ ಮಳೆಗಾಲಕ್ಕೆ ಸೇರಿದ ಒಂದು ಸೋಂಕನ್ನು ಹೇಳದಿರಲಾರೆ. ಒದ್ದೆ ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯದಿಂದ ಬರುವ ಮೆಲಿಯಾಯ್ಡೋಸಿಸ್ ಮಧುಮೇಹಿಗಳನ್ನೇ ಹೆಚ್ಚು ಹಿಡಿಯುತ್ತದೆ. ಮೂಳೆ ಕೀಲುಗಳಲ್ಲಿ ಕೂತರೆ ಅದನ್ನು ಕ್ಷಯವೆಂದು ತಪ್ಪು ತಿಳಿಯುವುದುಂಟು. ಕೀವನ್ನು ಹೊರತೆಗೆದು, ವಾರಗಟ್ಟಲೆ ರಕ್ತನಾಳಕ್ಕೆ ಔಷಧ ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸಬೇಕು. ಮದುರಾ ಪಾದ ಇದಕ್ಕಿಂತ ಅಪರೂಪ. ಮಧುರೆಯಲ್ಲಿ 1842ರಲ್ಲಿ ಗುರುತಿಸಿದ ಈ ಕಾಯಿಲೆಯಲ್ಲಿ ಮುಳ್ಳು ಚುಚ್ಚಿದ ಜಾಗ ವರ್ಷಗಳ ಕಾಲ ನೋವಿಲ್ಲದೆ ಬಾತು, ಹಲವು ತೂತುಗಳಿಂದ ಸಾಸಿವೆಗಿಂತ ಚಿಕ್ಕ ಕಾಳುಗಳು ಹೊರಬರುತ್ತವೆ. ಕಪ್ಪು ಕಾಳಾದರೆ ಶಿಲೀಂಧ್ರದ್ದು, ಅದಕ್ಕೆ ಔಷಧದ ಜೊತೆಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಬ್ಯಾಕ್ಟೀರಿಯದ್ದಾದರೆ ಔಷಧದಿಂದಲೇ ಬಹುಪಾಲು ಗುಣವಾಗುತ್ತದೆ. ಆದ್ದರಿಂದ ಬಟ್ಟೆಗೆ ಅಂಟಿದ ಕಾಳನ್ನು ತೊಳೆದು ಚೆಲ್ಲದೆ ವೈದ್ಯರಿಗೆ ತೋರಿಸಬೇಕು.

ಮಕ್ಕಳ ವಿಷಯದಲ್ಲಿ ನಮ್ಮೂರಿಗೆ ಒಂದು ವಿಶೇಷ ಸಂಕಟವಿದೆ. ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಎಣ್ಮಕಜೆಯಂಥ ಊರುಗಳಲ್ಲಿ, ಕೂಸಿನ ಪಾದ ಸೊಟ್ಟಗಿದ್ದರೆ ತಾಯಿ ಅದನ್ನು ಮದ್ದಿಲ್ಲದ ವಿಷದ ಫಲವೆಂದೇ ತಿಳಿದು ಎದೆಗುಂದುತ್ತಾಳೆ. ಆ ವಿಷದ ನೋವು ನಿಜ. ಆದರೆ ಒಳಕ್ಕೆ ತಿರುಗಿದ ಪಾದ ಲೋಕದ ಎಲ್ಲೆಡೆ ಸುಮಾರು ಸಾವಿರಕ್ಕೊಂದು ಕೂಸಿಗೆ ಇರುತ್ತದೆ. ಪೊನ್ಸೆಟಿ ಕ್ರಮದಂತೆ ವಾರಕ್ಕೊಮ್ಮೆ ಐದಾರು ಪ್ಲಾಸ್ಟರ್ ಹಾಕಿ, ಬಹುತೇಕ ಮಕ್ಕಳಿಗೆ ಹಿಮ್ಮಡಿಯ ರಜ್ಜುವನ್ನು ಸಣ್ಣಗೆ ಕೊಯ್ದು, ನಾಲ್ಕೈದು ವರ್ಷದವರೆಗೆ ರಾತ್ರಿ ಕಬ್ಬಿಣದ ಪಟ್ಟಿಯ ಬೂಟು ತೊಡಿಸಿದರೆ ಅದು ನೇರವಾಗುತ್ತದೆ. ಅಂಗಾಲು ಹೊರಕ್ಕೆ ಉಬ್ಬಿ ಪಾದ ಮೇಲಕ್ಕೆ ಮಡಚಿದ್ದರೆ ಅದು ಬೇರೆಯದೇ, ತೀರ ಅಪರೂಪದ ದೋಷ. ಎರಡನ್ನೂ ಮೊದಲ ವಾರಗಳಲ್ಲೇ ತೋರಿಸಬೇಕು.

ಇನ್ನು ಭಾಷೆ. ಮಲಯಾಳದಲ್ಲಿ ‘ನೀರ್’ ಎಂದರೆ ಬಾವು. ಕಾಲಿಗೆ ‘ನೀರ್’ ಉಂಟೇ ಎಂದು ಒಬ್ಬ ನರ್ಸ್ ಕೇಳಿದಾಗ, ನಮ್ಮೂರ ಕನ್ನಡದ ಅಜ್ಜಿ ಇಲ್ಲವೆಂದು ತಲೆಯಾಡಿಸಿ, ಹುಣ್ಣಿನಿಂದ ನೀರು ಸೋರುವುದಿಲ್ಲ ಎಂದು ವಿವರಿಸಿದ್ದನ್ನು ನಾನೇ ಕೇಳಿದ್ದೇನೆ. ಚೀಟಿಯಲ್ಲಿ ಬಾವಿಲ್ಲವೆಂದು ಬರೆದಾಗಿತ್ತು. ಅಂದಿನಿಂದ ಯಾರನ್ನು ಕರೆದೊಯ್ಯುವುದಿದ್ದರೂ ಹಿಂದಿನ ರಾತ್ರಿ ಅವರ ಬಳಿ ಕೂತು ಒಂದು ಹಾಳೆ ಬರೆಯುತ್ತೇನೆ: ಮೊದಲು ಕಂಡ ದಿನ, ಚುಚ್ಚಿದ್ದೇನು, ಜ್ವರ ಬಂತೇ, ಚಪ್ಪಲಿ ಜಾರಿ ಬಿದ್ದದ್ದು ಗೊತ್ತಾಯಿತೇ, ಮನೆಯಲ್ಲಿ ಹಚ್ಚಿದ ಎಣ್ಣೆ ಸೊಪ್ಪು ಯಾವುದು, ನುಂಗಿದ ಮಾತ್ರೆ ಯಾವುದು. ದಿನವೂ ತೊಡುವ ಚಪ್ಪಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಲು ಹೇಳುತ್ತೇನೆ. ಮಾವನ ಹವಾಯಿ ಚಪ್ಪಲಿಯನ್ನು ತಿರುವಿ ನೋಡಿದ ವೈದ್ಯರಿಗೆ ಅದರ ಅಟ್ಟೆಯಲ್ಲಿ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ತುಕ್ಕು ಹಿಡಿದ ಒಂದು ಮೊಳೆ ಸಿಕ್ಕಿತ್ತು. ಅದು ಎಷ್ಟು ದಿನದಿಂದ ಅಲ್ಲಿತ್ತೆಂದು ಮಾವನಿಗೆ ತಿಳಿದಿರಲಿಲ್ಲ.