ಫೆಡರಲ್ ರಜೆ ನೋಡಿಕೊಂಡು ಟಿಕೆಟ್ ಬುಕ್ ಮಾಡಬೇಡಿ

ಅಮೆರಿಕದಲ್ಲಿ ಫೆಡರಲ್ ರಜೆ, ಅಂದ್ರೆ ಕೇಂದ್ರ ಸರ್ಕಾರದ ರಜೆ, ಇರುವ ದಿನ ಸರ್ಕಾರಿ ಶಾಲೆಗಳು ಮುಚ್ಚಲೇಬೇಕಾ ಅಂತ ಕೇಳಿದ್ದೀರಿ, ಹಾಗಂತ ಕಾನೂನು ಇದೆ ಅಂತ ನಿಮ್ಮ ಸ್ನೇಹಿತರು ಹೇಳಿದರಂತೆ. ಮುಚ್ಚಬೇಕಾಗಿಲ್ಲ. ಅಕ್ಟೋಬರಿನ ಎರಡನೇ ಸೋಮವಾರ ಬರುವ ಕೊಲಂಬಸ್ ಡೇಗೆ ಟ್ರಿಪ್ ಹಾಕುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಾನು ಯಾರನ್ನೂ ಕೇಳಿರಲಿಲ್ಲ.

ಆಗ ನಾವು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಪಕ್ಕದ ಒಂದು ಊರಲ್ಲಿ ಇದ್ದೆವು. ಮಗಳು ಎರಡನೇ ಕ್ಲಾಸ್. ಫೆಬ್ರವರಿಯ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ ಬರುತ್ತೆ. ಫೆಡರಲ್ ಪಟ್ಟಿಯಲ್ಲಿ ಅದಿತ್ತು. ನನ್ನ ಆಫೀಸಿಗೂ ರಜೆ ಇತ್ತು. ಫ್ರಿಜ್ ಮೇಲೆ ಅಂಟಿಸಿದ್ದ ಶಾಲೆಯ ಕ್ಯಾಲೆಂಡರಿನಲ್ಲೂ ಆ ಚೌಕಕ್ಕೆ ಹಸಿರು ಬಣ್ಣ ಹಾಕಿದ್ದರು. ಇನ್ನೇನು ಬೇಕು? ಚಳಿಯಿಂದ ತಪ್ಪಿಸಿಕೊಂಡು ಒರ್ಲ್ಯಾಂಡೊದಲ್ಲಿ ಡಿಸ್ನಿ ನೋಡಿ ಬರೋಣ ಅಂತ ಮೂವರಿಗೂ ವಿಮಾನದ ಟಿಕೆಟ್ ತೆಗೆದೆ. ಶನಿವಾರ ಬೆಳಿಗ್ಗೆ ಹೋಗೋದು, ಸೋಮವಾರ ರಾತ್ರಿ ವಾಪಸ್. ಅಗ್ಗಕ್ಕೆ ಸಿಕ್ಕಿತು ಅಂತ ಬೇಸಿಕ್ ಎಕಾನಮಿ. ಬದಲಾಯಿಸೋಕೂ ಆಗಲ್ಲ, ದುಡ್ಡು ವಾಪಸ್ಸೂ ಬರಲ್ಲ.

ಜನವರಿಯಲ್ಲಿ ಹಿಮ ಬಿತ್ತು, ಶಾಲೆ ಮುಚ್ಚಿತು. ಮಗಳಿಗೆ ಹಬ್ಬ. ಮತ್ತೆ ಬಿತ್ತು, ಮತ್ತೆ ಮುಚ್ಚಿತು. ಒಂದು ಸಂಜೆ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸ್ಕೂಲ್ ಡಿಸ್ಟ್ರಿಕ್ಟಿನಿಂದ (ಜಿಲ್ಲೆ ಅಲ್ಲ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ರೆಕಾರ್ಡ್ ಮಾಡಿದ ಫೋನ್ ಬಂತು. ಹಿಮದಿಂದ ಹೋದ ದಿನ ತುಂಬಿಸಲು ಪ್ರೆಸಿಡೆಂಟ್ಸ್ ಡೇ ದಿನ ಎಂದಿನಂತೆ ಶಾಲೆ ಇರುತ್ತದೆ, ಬಸ್ಸುಗಳೂ ಎಂದಿನ ಹೊತ್ತಿಗೇ ಬರುತ್ತವೆ ಅಂತ. ಸಾಸಿವೆ ಸೀದು ಹೋಯಿತು.

ಫ್ರಿಜ್ ಹತ್ತಿರ ಹೋಗಿ ನೋಡಿದೆ. ಹಸಿರು ಚೌಕದ ಮೂಲೆಯಲ್ಲಿ ಒಂದು ಸಣ್ಣ ನಕ್ಷತ್ರ. ಹಾಳೆಯ ತಳದಲ್ಲಿ, ಸ್ಕೂಲ್ ಬೋರ್ಡಿನ (ಡಿಸ್ಟ್ರಿಕ್ಟಿನ ಮಂಡಳಿ) ಮೀಟಿಂಗ್ ತಾರೀಖುಗಳ ಕೆಳಗೆ, ಅದೇ ನಕ್ಷತ್ರ ಹಾಕಿ ‘ಸ್ನೋ ಮೇಕಪ್ ಡೇ’ಗಳ ಸಾಲು. ಹಿಮಕ್ಕೆ ಶಾಲೆ ಮುಚ್ಚಿದರೆ ಮೊದಲು ಯಾವ ರಜೆ ಹೋಗುತ್ತೆ, ಆಮೇಲೆ ಯಾವುದು, ಎಲ್ಲ ಕ್ರಮವಾಗಿ ಬರೆದಿದ್ದರು. ಮೊದಲನೆಯದೇ ಪ್ರೆಸಿಡೆಂಟ್ಸ್ ಡೇ. ಅಂದರೆ ಅದು ರಜೆಯೇ, ಆದರೆ ಹಿಮ ಬೀಳದಿದ್ದರೆ ಮಾತ್ರ. ಆಗಸ್ಟಿನಿಂದ ಆ ಹಾಳೆ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಬಣ್ಣ ನೋಡಿದ್ದೆ, ಕೆಳಗಿನ ಸಾಲು ಓದಿರಲಿಲ್ಲ.

ಯಾಕೆ ಓದಲಿಲ್ಲ ಅಂದ್ರೆ, ನಾನು ಬೆಳೆದದ್ದು ಮಲೆನಾಡಿನ ಸಾಗರದ ಕಡೆ. ಅಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಕೊಡುತ್ತಿದ್ದರು. ಹೋದ ಪಾಠವನ್ನು ಶನಿವಾರ ಮಧ್ಯಾಹ್ನ ಕೂರಿಸಿ ಮುಗಿಸುತ್ತಿದ್ದರು. ಅದಕ್ಕಾಗಿ ಸರ್ಕಾರಿ ರಜೆಯನ್ನು ವಾಪಸ್ ಕಿತ್ತುಕೊಂಡಿದ್ದು ನಾನಂತೂ ನೋಡಿರಲಿಲ್ಲ. ಪಟ್ಟಿಯಲ್ಲಿ ಅಚ್ಚಾದ ರಜೆ ಅಂದ್ರೆ ರಜೆ. ಅದೇ ಲೆಕ್ಕವನ್ನು ಇಲ್ಲಿಗೂ ಹೊತ್ತು ತಂದಿದ್ದೆ. ಇಲ್ಲಿ ಶಾಲೆಗೆ ವರ್ಷಕ್ಕೆ 180 ದಿನ ತುಂಬಬೇಕಿತ್ತು. ಆ ಸಂಖ್ಯೆ ತುಂಬಿಸಲು ಬೋರ್ಡು ತನ್ನ ಕೈಲಿರುವ ರಜೆಗಳನ್ನೇ ಒಂದೊಂದಾಗಿ ತೆಗೆಯುತ್ತೆ.

ಒಂದು ದಿನ ತಪ್ಪಿಸಿದರೆ ಏನಾಗುತ್ತೆ ಅಂತ ನೀವು ಕೇಳಬಹುದು, ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಪೆನ್ಸಿಲ್ವೇನಿಯಾದಲ್ಲಿ ಒಂದೇ ವರ್ಷದಲ್ಲಿ ಮೂರು ದಿನ ಒಪ್ಪಿಗೆ ಇಲ್ಲದೆ ಗೈರಾದರೆ ಮಗು ಕಾನೂನಿನ ಪ್ರಕಾರ ‘ಟ್ರೂಯೆಂಟ್’, ಅಂದ್ರೆ ಶಾಲೆ ತಪ್ಪಿಸುವ ಮಗು, ಮನೆಗೆ ನೋಟಿಸ್ ಬರುತ್ತೆ. ಮೊದಲೇ ಅರ್ಜಿ ಕೊಟ್ಟರೆ ‘ಎಜುಕೇಶನಲ್ ಟ್ರಿಪ್’ ಅಂತ ಒಪ್ಪಿಗೆ ಸಿಗುವ ದಾರಿಯೂ ಇದೆ. ಆದರೆ ಡಿಸೆಂಬರಿನಲ್ಲಿ ನನ್ನ ತಮ್ಮನ ಮದುವೆಗೆ ಊರಿಗೆ ಹೋದಾಗ ನಮ್ಮ ಡಿಸ್ಟ್ರಿಕ್ಟ್ ಕೊಡುವ ಆ ದಿನಗಳನ್ನೆಲ್ಲ ಮುಗಿಸಿಯಾಗಿತ್ತು. ಅದರ ಮೇಲೆ ಒಪ್ಪಿಗೆಯಿಲ್ಲದ ಗೈರೂ ಬಿದ್ದಿತ್ತು. ಕೊನೆಗೆ ಭಾನುವಾರ ರಾತ್ರಿಗೆ ಮೂರು ಹೊಸ ಟಿಕೆಟ್ ಕೊಂಡೆವು. ಲಾಂಗ್ ವೀಕೆಂಡಿನ ರೇಟು ಗೊತ್ತಲ್ಲ, ವಾಪಸ್ಸು ಬರುವ ಟಿಕೆಟ್ಟೇ ಮೊದಲು ಕೊಟ್ಟ ಹೋಗಿಬರುವ ದುಡ್ಡಿಗಿಂತ ಜಾಸ್ತಿ. ಮಗಳು ವಿಮಾನದಲ್ಲಿ ಮಿಕ್ಕಿ ಕಿವಿಯ ಹೇರ್‌ಬ್ಯಾಂಡ್ ಹಾಕಿಕೊಂಡೇ ನಿದ್ದೆ ಹೋದಳು. ಬೆಳಿಗ್ಗೆ ಬಸ್ಸಿಗೆ ಎಬ್ಬಿಸುವಷ್ಟರಲ್ಲಿ ಸಾಕುಸಾಕಾಯಿತು.

ಈಗ ನಿಮ್ಮ ಸ್ನೇಹಿತರು ಹೇಳಿದ ‘ಕಾನೂನು ಇದೆ’ ಅನ್ನೋ ಮಾತು. ಕಾನೂನು ಇದೆ, ಆದರೆ ಅದು ಶಾಲೆಗಲ್ಲ. ಫೆಡರಲ್ ಪಟ್ಟಿಯಲ್ಲಿ 11 ರಜೆಗಳಿವೆ, 2021ರಲ್ಲಿ ಜೂನ್‌ಟೀನ್ತ್ (ಗುಲಾಮಗಿರಿ ಕೊನೆಯಾದ ನೆನಪಿನ ಜೂನ್ 19) ಸೇರಿದ ಮೇಲೆ. ಆ ಪಟ್ಟಿ ಕೇಂದ್ರ ಸರ್ಕಾರದ ನೌಕರರಿಗೆ. 1870ರಲ್ಲಿ ಶುರುವಾದಾಗ ವಾಷಿಂಗ್ಟನ್ ಡಿಸಿಯಲ್ಲಿ ಕೆಲಸ ಮಾಡುವ ನೌಕರರಿಗಷ್ಟೇ ಇತ್ತು. ಇವತ್ತು ಅದರ ಪ್ರಕಾರ ಪೋಸ್ಟ್ ಆಫೀಸ್, ಫೆಡರಲ್ ಕೋರ್ಟು, ಇಮಿಗ್ರೇಷನ್ ಆಫೀಸು ಮುಚ್ಚುತ್ತವೆ. ಶಾಲೆ ರಾಜ್ಯದ ವಿಷಯ, ಮತ್ತೆ ರಾಜ್ಯಗಳು ಬಹುಪಾಲು ಅದನ್ನು ಊರಿನ ಸ್ಕೂಲ್ ಬೋರ್ಡಿಗೇ ಬಿಟ್ಟಿವೆ. ನಮ್ಮಲ್ಲಿ ಜನ ಆರಿಸಿದ ಒಂಬತ್ತು ಮಂದಿಯ ಬೋರ್ಡ್ ಕೂತು ಕ್ಯಾಲೆಂಡರಿಗೆ ಕೈ ಎತ್ತಿ ಒಪ್ಪಿಗೆ ಕೊಡುತ್ತಿತ್ತು. ಹಾಗಾಗಿ ಪಕ್ಕದ ಡಿಸ್ಟ್ರಿಕ್ಟಿಗೆ ರಜೆ ಇದ್ದ ದಿನ ನಮ್ಮ ಮಗಳು ಬ್ಯಾಗ್ ಹಾಕಿಕೊಂಡು ಹೋಗಿದ್ದೂ ಉಂಟು.

ರಾಜ್ಯವೇ ಕಟ್ಟುಮಾಡಿರುವ ಕಡೆಯೂ ಪಟ್ಟಿ ಫೆಡರಲ್‌ನಂತೆ ಇರಲ್ಲ. ಕ್ಯಾಲಿಫೋರ್ನಿಯಾದ ಶಿಕ್ಷಣ ಕಾಯ್ದೆಯಲ್ಲಿ ನವೆಂಬರ್ 11ರ ವೆಟರನ್ಸ್ ಡೇಗೆ (ಮಾಜಿ ಸೈನಿಕರ ದಿನ) ಶಾಲೆ ಮುಚ್ಚಬೇಕು ಅಂತಿದೆ, ನೀವು ಕೇಳಿದ ಕೊಲಂಬಸ್ ಡೇ ಅದರಲ್ಲಿಲ್ಲ. ಉಲ್ಟಾ ಉದಾಹರಣೆ ನಮ್ಮ ದೀಪಾವಳಿ. 2024ರಲ್ಲಿ ಪೆನ್ಸಿಲ್ವೇನಿಯಾ ಅದನ್ನು ರಾಜ್ಯದ ಹಬ್ಬ ಅಂತ ಒಪ್ಪಿಕೊಂಡಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ‘ಶಾಲೆಗೆ ರಜೆ’ ಅಂತ ಪಟಾಕಿ ಹೊಡೆದರು. ಆ ಕಾನೂನು ಯಾವ ಶಾಲೆಯನ್ನೂ ಮುಚ್ಚಿಸಲ್ಲ. ನ್ಯೂಯಾರ್ಕ್ ಸಿಟಿಯಲ್ಲಿ 2024ರ ದೀಪಾವಳಿಗೆ ಶಾಲೆ ಮುಚ್ಚಿದ್ದು ನಿಜ, ಯಾಕೆಂದರೆ ಅಲ್ಲಿನ ಶಾಲೆಗಳಿಗೇ ಅಂತ ಬೇರೆ ಕಾನೂನು ಮಾಡಿದರು.

ಇನ್ನು ನನ್ನ ಅಭಿಪ್ರಾಯ ಕೇಳಿದರೆ, ‘ಮುಚ್ಚಲೇಬೇಕಾ’ ಅನ್ನೋ ಪ್ರಶ್ನೆಯನ್ನೇ ಬಿಡಿ. ಮುಚ್ಚಬೇಕಿತ್ತು ಅಂತ ವಾದ ಮಾಡಿ ಗೆದ್ದರೂ ಟಿಕೆಟ್ ದುಡ್ಡು ವಾಪಸ್ ಬರಲ್ಲ. ಫೆಡರಲ್ ಪಟ್ಟಿ, ಆಫೀಸಿನ ಪಟ್ಟಿ, ಸ್ನೇಹಿತರ ಮಾತು, ಮೂರನ್ನೂ ಪಕ್ಕಕ್ಕಿಟ್ಟು ಡಿಸ್ಟ್ರಿಕ್ಟಿನ ಕ್ಯಾಲೆಂಡರನ್ನು ಪಂಚಾಂಗದ ಹಾಗೆ ಓದಿ, ತಳದ ಸಾಲಿನವರೆಗೂ. ಕಳೆದ ವರ್ಷದ ಹಾಳೆ ಅಲ್ಲ, ಈ ವರ್ಷದ್ದು, ಬೋರ್ಡ್ ಒಪ್ಪಿದ್ದು. ಅಕ್ಟೋಬರಿನಲ್ಲಿ ಹಿಮದ ಕಾಟ ಕಡಿಮೆ, ಹಾಗಾಗಿ ಆ ಹಾಳೆಯಲ್ಲಿ ಕೊಲಂಬಸ್ ಡೇ ರಜೆ ಅಂತ ಇದ್ದರೆ ಧೈರ್ಯವಾಗಿ ಹೋಗಿ ಬನ್ನಿ. ಜನವರಿ ಕಳೆದ ಮೇಲಿನ ರಜೆಗಳಿಗೆ ಮಾತ್ರ ಬದಲಾಯಿಸಬಹುದಾದ ಟಿಕೆಟ್ಟೇ ತೆಗೆಯಿರಿ, ನೂರು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ.

ಇನ್ನೊಂದು. ಮಗನಿಗೆ ರಜೆ ಇದ್ದರೂ ನಿಮಗಿಬ್ಬರಿಗೂ ಇದೆಯಾ ನೋಡಿಕೊಳ್ಳಿ. ಖಾಸಗಿ ಕಂಪನಿಗಳಿಗೂ ಆ ಪಟ್ಟಿ ಕಟ್ಟುನಿಟ್ಟಲ್ಲ, ಐಟಿ ಕಡೆಯವರು ಕೊಲಂಬಸ್ ಡೇ ಕೊಡೋದು ಕಡಿಮೆ. ಇಬ್ಬರಿಗೂ ರಜೆ ಸಿಗದಿದ್ದರೆ ವೈಎಂಸಿಎಯಲ್ಲಿ ಕೇಳಿ. ಶಾಲೆ ಇಲ್ಲದ ದಿನ ಮಕ್ಕಳಿಗೆ ಅಂತ ಒಂದು ದಿನದ ಕ್ಯಾಂಪ್ ಬಹಳ ಕಡೆ ನಡೆಸುತ್ತಾರೆ. ನಮ್ಮ ಕಡೆ ಸೀಟು ಬೇಗ ತುಂಬುತ್ತಿತ್ತು, ಸೆಪ್ಟೆಂಬರಿನಲ್ಲೇ ಹೆಸರು ಬರೆಸಿಬಿಡಿ.