ಹಳೇ ಗೊಬ್ಬರದ ಕೊಟ್ಟಿಗೆ ಕೆಡವುವ ಮೊದಲು

ನಮಸ್ಕಾರ. ಅಜ್ಜನ ಕಾಲದ ಕೆಂಪುಕಲ್ಲಿನ ಕೊಟ್ಟಿಗೆ ಕತ್ತಲೆ, ನೆಲ ಅಂಗಳಕ್ಕಿಂತ ಎರಡಡಿ ತಗ್ಗು, ಮೂರು ಎಚ್‌ಎಫ್ ಮಿಶ್ರತಳಿ ಹಸು (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ದೊಡ್ಡ ವಿದೇಶಿ ಹಾಲುತಳಿಯ ಬೆರಕೆ) ತರಬೇಕು, ಹಾಗಾಗಿ ಕೆಡವಿ ತಗಡಿನ ಶೆಡ್ ಹಾಕಲೇ ಅಂತ ಕೇಳಿದ್ದೀರಿ. ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ದಯವಿಟ್ಟು ಕೆಡವಬೇಡಿ. ಮಾಡು (ಛಾವಣಿ), ಗೋಡೆ ಹಾಗೇ ಇರಲಿ. ನೆಲ ಮತ್ತು ಬಾಗಿಲು ಸರಿ ಮಾಡಿದರೆ ಸಾಕು.

ಆ ತಗ್ಗು ಕಟ್ಟಿದವರ ತಪ್ಪಲ್ಲ. ಅದು ಗೊಬ್ಬರದ ಕೊಟ್ಟಿಗೆ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ), ದಿನಾ ಒಂದು ಹಾಸು. ದನ ತುಳಿದು, ಸಗಣಿ ಗಂಜಲ ಬೆರೆತು ಪದರ ಪದರವಾಗಿ ಮೇಲೇರುತ್ತದೆ. ಏರಲಿಕ್ಕೆ ಜಾಗ ಬೇಕಲ್ಲ, ಅದಕ್ಕೇ ತಗ್ಗು. ಒಣ ದರಕು ಗಂಜಲ ಹೀರಿ ಸಾರಜನಕವನ್ನು ಹಿಡಿದಿಡುತ್ತದೆ. ಹಾಸು ಕಡಿಮೆಯಾದ ದಿನ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದು ತೋಟಕ್ಕೆ ಹೋಗಬೇಕಾದ ಸತ್ವ ಗಾಳಿಪಾಲಾಗುವ ವಾಸನೆ. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ (ಸೊಪ್ಪು, ದರಕು ತರುವ ಕಾಡು) ಬಿಟ್ಟದ್ದು ಸುಮ್ಮನೆ ಅಲ್ಲ. ಬೆಟ್ಟ, ಕೊಟ್ಟಿಗೆ, ತೋಟ ಮೂರೂ ಸೇರಿಯೇ ಒಂದು ಬೇಸಾಯ.

ಗೋಡೆ ಎದೆಮಟ್ಟಕ್ಕೆ ನಿಂತು, ಅಲ್ಲಿಂದ ಮಾಡಿನವರೆಗೆ ಬರೀ ಮರದ ದಳಿ (ಸಂದು ಬಿಟ್ಟು ಹೊಡೆದ ಪಟ್ಟಿ) ಇದೆ. ಅಲ್ಲಿ ಇಟ್ಟಿಗೆ ತುಂಬಿಸಬೇಡಿ. ಬಿಸಿಗಾಳಿ, ಘಾಟು ಹೊರಗೆ ಹೋಗುವ ದಾರಿ ಅದು. ಪಡುವಣ ಗಾಳಿಮಳೆಗೆ ಹಿಂದಿನವರ ಹಾಗೆ ಜಡಿತಟ್ಟಿ (ಎರಚಲು ತಡೆಯುವ ಮರೆ) ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚಿ. ಮಾಡಿಗಿರುವುದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕುವ ಮುಂಚೆ ನಮ್ಮ ಕಡೆ ಅಡಿಕೆ ಸೋಗೆ, ಕರಡದ ಹುಲ್ಲು, ನಾಡಹೆಂಚು ಇಷ್ಟೇ ಇದ್ದದ್ದು. ಹೆಂಚಿನ ಸಂದಿನಲ್ಲೂ ಗಾಳಿಯಾಡುತ್ತದೆ, ಅಟ್ಟದ ಹುಲ್ಲು ಬಿಸಿಲಿನ ಕಾವು ತಡೆಯುತ್ತದೆ. ಎಚ್‌ಎಫ್‌ಗೆ 25 ಡಿಗ್ರಿ ದಾಟಿದರೆ ಸಂಕಟ ಶುರು. ಅದನ್ನು ಕಾದ ತಗಡಿನ ಕೆಳಗೆ ಕಟ್ಟಿದರೆ ಮೊದಲು ಮೇವು ಬಿಡುತ್ತದೆ, ಆಮೇಲೆ ಹಾಲು. ಕತ್ತಲೆಗೆ ನಾಲ್ಕು ಗಾಜಿನ ಹೆಂಚು ಸಾಕು.

ಇನ್ನು ಬದಲಿಸಲೇಬೇಕಾದ್ದು. ಫೋಟೋದಲ್ಲಿ ಎಡಗಡೆ ಮೂರನೇ ಕಂಬ ನೋಡಿ, ಹಗ್ಗ ತಿಕ್ಕಿ ತಿಕ್ಕಿ ಮೊಣಕಾಲೆತ್ತರದಲ್ಲಿ ಸೊಂಟದ ಹಾಗೆ ಸವೆದಿದೆ. ಆ ಎತ್ತರವೇ ಹೇಳುತ್ತದೆ, ಇದು ನೂರು ಕಿಲೋ ಆಚೀಚೆ ತೂಗುವ ಮಲೆನಾಡು ಗಿಡ್ಡ ಎಂಬ ಸಣ್ಣ ನಾಡತಳಿಗೆ ಕಟ್ಟಿದ್ದು. ನಿಮ್ಮ ಹಸು ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಗೋದಲಿ ಎತ್ತರಿಸಬೇಕು, ಬಾಗಿಲು ನಾಲ್ಕಡಿಗೆ ಅಗಲಿಸಬೇಕು. ಕೆಂಪುಕಲ್ಲು ಕೊಯ್ಯುವುದು ಸುಲಭ, ಆದರೆ ಮೇಲಿನ ಪಕಾಸಿ ತೊಲೆಗಳಿಗೆ ಊರೆ (ಆಸರೆ) ಕೊಟ್ಟೇ ಗೋಡೆ ಮುಟ್ಟಿ.

ಮಾಡಿನಡಿ ಹಸುವೊಂದಕ್ಕೆ 3.5 ಚದರ ಮೀಟರ್ ಲೆಕ್ಕ. ನಿಮ್ಮದು 24ಕ್ಕೆ 12 ಅಡಿ, ಅರ್ಧ ಭಾಗದಲ್ಲೇ ಮೂರು ಹಸು ಹಿಡಿಸುತ್ತವೆ. ಆ ಅರ್ಧಕ್ಕೆ ಕಲ್ಲು ತುಂಬಿ ಅಂಗಳಕ್ಕಿಂತ ಎತ್ತರ ಮಾಡಿ ಕಾಂಕ್ರೀಟ್ ಹಾಕಿ. 40 ಅಡಿಗೆ ಒಂದಡಿ ಇಳಿಜಾರು, ಕೊನೆಗೆ ಗಂಜಲದ ಕಾಲುವೆ. ನಯ ಮಾಡಲು ಮಾತ್ರ ಬಿಡಬೇಡಿ, ಹಸಿ ಇರುವಾಗಲೇ ಗೀರು ಹಾಕಿಸಿ. ನಮ್ಮಲ್ಲಿ ಮೇಸ್ತ್ರಿ ಕನ್ನಡಿಯ ಹಾಗೆ ಉಜ್ಜಿಕೊಟ್ಟ, ಚಂದ ಆಯಿತು ಅಂತ ನಾನೂ ಸುಮ್ಮನಿದ್ದೆ. ಆ ಆಷಾಢದಲ್ಲಿ ಏಳು ತಿಂಗಳ ಗಬ್ಬದ ಹಸು ಜಾರಿ ಹಿಂಗಾಲು ಸೀಳಿಕೊಂಡು ಕೂತಿತು. ಗೋಣಿ ಕೊಟ್ಟು ಒಂಬತ್ತು ದಿನ ಎತ್ತಿದೆವು. ಏಳಲಿಲ್ಲ. ಈಗಲೂ ಆ ಜಾಗ ದಾಟುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಉಳಿದರ್ಧ ಸೊಪ್ಪಿಗೇ ಇರಲಿ, ಕರು ಮತ್ತು ಬತ್ತಿದ ಹಸು ಅಲ್ಲಿ ಮಲಗಲಿ. ತೋಟಕ್ಕೆ ಗೊಬ್ಬರ ಹೊರಗಿನಿಂದ ತರುವ ಪಾಡು ತಪ್ಪುತ್ತದೆ.

ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಿ (ಸರಿಯಾಗಿ ಜೋಡಿಸಿ). ಕಂಬದ ಬುಡಗಳನ್ನು ದಬ್ಬಣದಿಂದ ಚುಚ್ಚಿ ನೋಡಿ, ಮೆತ್ತಗಿದ್ದರೆ ಲಡ್ಡಾಗಿದೆ, ಕೊಳೆತಿದೆ ಅಂತ ಅರ್ಥ. ಅಷ್ಟು ಮಾತ್ರ ಕತ್ತರಿಸಿ ಕಲ್ಲು ಕೂರಿಸಬಹುದು. ಪಡುವಣ ಗೋಡೆಯ ಮತ್ತು ಒಳಗಿನ ತೊಲೆಗಳ ಫೋಟೋ ಹಾಕಿ, ನೋಡಿ ಹೇಳುತ್ತೇನೆ.