ಬೆಂಕಿ ತನಿಖೆಗಾರ ಆಗಲು ಸರ್ಟಿಫಿಕೇಟ್ ಸಾಕಾ?

ಬೆಂಕಿ ಮತ್ತು ಸ್ಫೋಟದ ತನಿಖೆ ಕಲಿಯುವ ಬಗ್ಗೆ ಮುಂಬಯಿ, ಪುಣೆ, ಗೋವಾದಿಂದ ಬಂದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಡೊಂಬಿವಲಿಯವನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡುತ್ತಿದ್ದೇನೆ. 2024ರ ಮೇ ತಿಂಗಳಲ್ಲಿ ಇಲ್ಲಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಸ್ಫೋಟ ಆದಾಗಿನಿಂದ ಈ ತನಿಖೆ ಕೆಲಸದ ಕಡೆ ಮನಸ್ಸು ಎಳೆಯುತ್ತಿದೆ. ಐದೇ ದಿನದಲ್ಲಿ ಆನ್‌ಲೈನ್‌ನಲ್ಲಿ ‘ಫೈರ್ ಇನ್ವೆಸ್ಟಿಗೇಟರ್’ ಸರ್ಟಿಫಿಕೇಟ್ ಕೊಡುತ್ತೇವೆ ಎಂಬ ಜಾಹೀರಾತು ನೋಡಿದೆ. ದುಡ್ಡು ಕಟ್ಟಲಾ?

ಉತ್ತರ: ಸದ್ಯಕ್ಕೆ ಬೇಡ. ನಮ್ಮ ದೇಶದಲ್ಲಿ ‘ಬೆಂಕಿ ತನಿಖೆಗಾರ’ ಎಂಬ ಹೆಸರಿನ ಒಂದೇ ಲೈಸೆನ್ಸ್ ಇಲ್ಲ. ಒಂದು ಬೆಂಕಿಯ ಸುತ್ತ ನಾಲ್ಕೈದು ಇಲಾಖೆ ಬಂದು ನಿಲ್ಲುತ್ತವೆ. ಫೈರ್ ಬ್ರಿಗೇಡ್ ತನ್ನ ವರದಿ ಬರೆಯುತ್ತದೆ. ಪೊಲೀಸರು ಪಂಚನಾಮೆ ಮಾಡುತ್ತಾರೆ, ಸ್ಯಾಂಪಲ್ಲು ಕಲೀನಾದ ಫೋರೆನ್ಸಿಕ್ ಲ್ಯಾಬಿಗೆ ಹೋಗುತ್ತದೆ. ಕರೆಂಟಿನಿಂದ ಜೀವ ಹೋಗಿದ್ದರೆ ಅಥವಾ ಗಾಯ ಆಗಿದ್ದರೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನ ಪ್ರಕಾರ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ವಿಚಾರಣೆಗೆ ಬರಬಹುದು. ಸ್ಫೋಟಕದ ಲೈಸೆನ್ಸ್ ಇರುವ ಜಾಗವಾದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತೆಯ ಕೇಂದ್ರ ಸಂಸ್ಥೆ, ಬರುತ್ತದೆ. ಫ್ಯಾಕ್ಟರಿಯಾದರೆ ಕೈಗಾರಿಕಾ ಸುರಕ್ಷತಾ ಇಲಾಖೆ. ಇವರೆಲ್ಲರ ಹಿಂದೆಯೇ ನಷ್ಟದ ಲೆಕ್ಕ ಹಾಕುವ ಇನ್ಶೂರೆನ್ಸ್ ಸರ್ವೇಯರ್. ಇವುಗಳಲ್ಲಿ ಯಾವ ಕುರ್ಚಿ ಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ದಾರಿ ಅದರ ಮೇಲೆ ನಿಂತಿದೆ.

ಯೂನಿಫಾರ್ಮ್ ಬೇಕಾ? ಹಾಗಿದ್ದರೆ ನಾಗಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜಿನ ಕೋರ್ಸು ನೋಡಿ. ಅದು ಕೇಂದ್ರ ಗೃಹ ಇಲಾಖೆಯ ಕೈಕೆಳಗಿರುವ ಸಂಸ್ಥೆ, ಫೈರ್ ಎಂಜಿನಿಯರಿಂಗ್ ಪದವಿಯೂ ಅಲ್ಲಿದೆ. ಯೂನಿಫಾರ್ಮ್ ಬೇಡ, ತನಿಖೆ ಮಾತ್ರ ಸಾಕು ಅನ್ನುವುದಾದರೆ ನಿಮ್ಮ ಡಿಪ್ಲೊಮಾಕ್ಕೆ ಹತ್ತಿರದ ಬಾಗಿಲು ಸರ್ವೇಯರ್ ಕೆಲಸ. ಎಂಜಿನಿಯರಿಂಗ್ ಓದಿದವರಿಗೆ ಅಲ್ಲಿ ಜಾಗ ಇದೆ. ಲೈಸೆನ್ಸ್ ಇರುವ ಹಿರಿಯ ಸರ್ವೇಯರ್ ಜೊತೆ ಟ್ರೇನಿಯಾಗಿ ಓಡಾಡಬೇಕು, ಪರೀಕ್ಷೆ ಬರೆಯಬೇಕು. ಲೈಸೆನ್ಸ್ ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ.

ವಿದೇಶಿ ಸರ್ಟಿಫಿಕೇಟ್ ಆಮೇಲಿನ ಮಾತು. ಅಮೆರಿಕದ ಎರಡು ಸಂಸ್ಥೆಗಳ ಹೆಸರು ನೀವು ಜಾಸ್ತಿ ಕೇಳುತ್ತೀರಿ. ಒಂದು ನಾಫಿ, ಬೆಂಕಿ ತನಿಖೆಗಾರರ ಸಂಘ. ಅದು ಕೊಡುವುದು ಸಿಎಫ್‌ಇಐ ಎಂಬ ಬೆಂಕಿ ಮತ್ತು ಸ್ಫೋಟ ತನಿಖೆಗಾರರ ಸರ್ಟಿಫಿಕೇಟ್. ಅದಕ್ಕೆ ಪರೀಕ್ಷೆ ಇದೆ, ಐದು ವರ್ಷಕ್ಕೊಮ್ಮೆ ನವೀಕರಣವೂ ಇದೆ. ಇನ್ನೊಂದು ಐಎಎಐ, ಬೇಕಂತಲೇ ಹಚ್ಚಿದ ಬೆಂಕಿಯ ತನಿಖೆಗಾರರ ಅಂತರರಾಷ್ಟ್ರೀಯ ಸಂಘ. ಅವರ ಸಿಎಫ್‌ಐ ಎಂಬ ಸರ್ಟಿಫಿಕೇಟಿಗೆ ವರ್ಷಗಟ್ಟಲೆ ಸ್ಥಳ ತನಿಖೆ ಮಾಡಿರಬೇಕು, ಅನುಭವ ಕಡಿಮೆ ಇರುವವರಿಗೆ ಎಫ್‌ಐಟಿ ಎಂಬ ಕೆಳಗಿನ ಮೆಟ್ಟಿಲಿದೆ. ಎರಡರ ಬೇರೂ ಬೆಂಕಿ ಸುರಕ್ಷತೆಯ ಮಾನದಂಡ ಬರೆಯುವ ಅಮೆರಿಕದ ಸಂಸ್ಥೆ ಎನ್‌ಎಫ್‌ಪಿಎಯ 921 ಮತ್ತು 1033 ಎಂಬ ದಾಖಲೆಗಳಲ್ಲಿದೆ. ತನಿಖೆ ಹೇಗೆ ಮಾಡಬೇಕು ಅನ್ನುವುದು 921. ತನಿಖೆ ಮಾಡುವವನಿಗೆ ಏನು ಗೊತ್ತಿರಬೇಕು ಅನ್ನುವುದು 1033. ಎನ್‌ಎಫ್‌ಪಿಎ ವೆಬ್‌ಸೈಟ್‌ನಲ್ಲಿ ಹೆಸರು ನೋಂದಾಯಿಸಿದರೆ ಎರಡನ್ನೂ ಪುಕ್ಕಟೆ ಓದಬಹುದು. ಐಎಎಐ ನಡೆಸುವ ಸಿಎಫ್‌ಐಟ್ರೇನರ್ ಎಂಬ ಆನ್‌ಲೈನ್ ತರಬೇತಿಗೂ ದುಡ್ಡಿಲ್ಲ. ಐದು ದಿನಕ್ಕೆ ಫೀಸು ಕಟ್ಟುವ ಮೊದಲು ಆರು ತಿಂಗಳು ಇವನ್ನು ಓದಿ. ಬೇಸರ ಬಂದರೆ ದುಡ್ಡು ಉಳಿಯಿತು ಅಂದುಕೊಳ್ಳಿ.

ಕೋರ್ಟಿನ ಮಾತನ್ನೂ ತಿಳಿದಿರಿ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿ ತಜ್ಞರ ಅಭಿಪ್ರಾಯಕ್ಕೆ ಜಾಗ ಇದೆ. ಆದರೆ ಸರ್ಕಾರಿ ಲ್ಯಾಬಿನ ನಿರ್ದೇಶಕರು, ಸ್ಫೋಟಕಗಳ ಮುಖ್ಯ ನಿಯಂತ್ರಕರಂಥ ಕೆಲವರ ವರದಿಯನ್ನು ಮಾತ್ರ ಅವರು ಬಂದು ಹೇಳದಿದ್ದರೂ ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. ನೀವು ನಾನು ಕಟಕಟೆ ಹತ್ತಿ ಪಾಟೀಸವಾಲು ಎದುರಿಸಬೇಕು. ಎದುರು ಪಕ್ಷದ ವಕೀಲರು ಸರ್ಟಿಫಿಕೇಟ್ ಬಗ್ಗೆ ಒಂದು ಪ್ರಶ್ನೆ ಕೇಳಿದರೆ, ಮಾಡಿದ ಕೆಲಸದ ಬಗ್ಗೆ ಐವತ್ತು ಕೇಳುತ್ತಾರೆ.

ಪ್ರಶ್ನೆ: ಪುಣೆಯಲ್ಲಿ ಟ್ರೇನಿ ಸರ್ವೇಯರ್ ಆಗಿದ್ದೇನೆ. ಭೋಸರಿ, ಚಾಕಣ್ ಕಡೆಯ ಗಾಳಾಗಳಿಗೆ (ಸಣ್ಣ ಕಾರ್ಖಾನೆ, ಗೋದಾಮಿನ ಶೆಡ್ಡುಗಳಿಗೆ) ಬೆಂಕಿ ಬಿದ್ದರೆ ಹೆಚ್ಚಿನ ವರದಿಗಳಲ್ಲಿ ‘ಶಾರ್ಟ್ ಸರ್ಕಿಟ್’ ಅಂತಲೇ ಇರುತ್ತದೆ. ತರಬೇತಿ ಪಡೆದವರು ಇದಕ್ಕಿಂತ ಹೆಚ್ಚಿಗೆ ಏನು ನೋಡುತ್ತಾರೆ?

ಉತ್ತರ: ಒಳ್ಳೆ ಪ್ರಶ್ನೆ. ಇದನ್ನು ಕೇಳದೇ ಸೀನಿಯರ್ ಆದವರು ಬೇಕಾದಷ್ಟು ಜನ ಇದ್ದಾರೆ.

ಸುಟ್ಟ ಗಾಳಾದೊಳಗೆ ಹೋಗುತ್ತೀರಿ. ಬೋರ್ಡಿನ ಕೆಳಗೆ ತಾಮ್ರದ ವೈರು ಬಿದ್ದಿದೆ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಂಡಗಿನ ಹೊಳೆಯುವ ಹನಿ ಇದೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆ ಹನಿ ಆಗಿದ್ದು ಕರೆಂಟಿನ ಕಿಡಿಯಿಂದಲೇ ಅಂತ ಇಟ್ಟುಕೊಳ್ಳೋಣ. ಕೇಸು ಮುಗಿಯಿತಾ? ಇಲ್ಲ. ಬೇರೆಲ್ಲೋ ಹುಟ್ಟಿದ ಬೆಂಕಿ ಆ ವೈರಿನ ಪ್ಲಾಸ್ಟಿಕ್ ಸುಟ್ಟು, ಎರಡು ತಂತಿ ತಾಗಿ, ಆಮೇಲೆ ಕಿಡಿ ಹಾರಿದ್ದರೂ ಇದೇ ಹನಿ ಸಿಗುತ್ತದೆ. ಬೆಂಕಿ ಅಲ್ಲಿಗೆ ಬಂದಾಗ ಆ ವೈರಿನಲ್ಲಿ ಕರೆಂಟು ಇತ್ತು, ಆ ಹನಿ ಹೇಳುವುದು ಅಷ್ಟನ್ನೇ. ಟ್ರಿಪ್ ಆಗಿ ಬಿದ್ದ ಎಂಸಿಬಿಯೂ ಅಷ್ಟೇ ಹೇಳುತ್ತದೆ. ಅಲ್ಯೂಮಿನಿಯಂ ವೈರು ಕರಗಿದ್ದರೆ ಅದಕ್ಕೆ ಇನ್ನೂ ಕಡಿಮೆ ಬೆಲೆ. ಅದು 660 ಡಿಗ್ರಿಗೇ ಕರಗುತ್ತದೆ, ಯಾವ ಗೋದಾಮಿನ ಬೆಂಕಿಯೂ ಅಷ್ಟು ಬಿಸಿ ಏರುತ್ತದೆ.

ಆದ್ದರಿಂದ ತರಬೇತಿಯ ಮೊದಲ ಪಾಠ ಅನುಕ್ರಮದ್ದು. ಮೊದಲು ಬೆಂಕಿ ಹುಟ್ಟಿದ ಜಾಗ, ಆಮೇಲೆ ಕಾರಣ. ಜಾಗ ಗೊತ್ತಾಗದೆ ಕಾರಣ ಬರೆದರೆ ಅದು ಊಹೆ. ಜಾಗ ಹುಡುಕುವುದಾದರೂ ಸುಲಭವಾ? 2005ರಲ್ಲಿ ಲಾಸ್ ವೇಗಸ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಕೋಣೆಗೆ ಬೆಂಕಿ ಹಚ್ಚಿ, ಇಡೀ ಕೋಣೆ ಹತ್ತಿಕೊಂಡ ಮೇಲೆ ಸುಮಾರು ಎರಡು ನಿಮಿಷ ಉರಿಯಲು ಬಿಟ್ಟು ಆರಿಸಿದರು. ತನಿಖೆಗಾರರನ್ನು ಕರೆದು, ಬೆಂಕಿ ಕೋಣೆಯ ಯಾವ ಕಾಲು ಭಾಗದಲ್ಲಿ ಹುಟ್ಟಿತು ಹೇಳಿ ಅಂದರು. 53 ಜನರಲ್ಲಿ ಸರಿಯಾಗಿ ಹೇಳಿದವರು 3 ಮಂದಿ. ಕಣ್ಣು ಮುಚ್ಚಿ ಬೆರಳು ತೋರಿಸಿದ್ದರೂ ಇದಕ್ಕಿಂತ ಜಾಸ್ತಿ ಜನ ಪಾಸಾಗುತ್ತಿದ್ದರು, ಅಲ್ವಾ? ಕೋಣೆ ಪೂರ್ತಿ ಹತ್ತಿಕೊಂಡ ಮೇಲೆ ಜೋರಾಗಿ ಸುಡುವುದು ಗಾಳಿ ನುಗ್ಗುವ ಬಾಗಿಲು, ಕಿಟಕಿಯ ಸುತ್ತ. ‘ಎಲ್ಲಿ ಜಾಸ್ತಿ ಸುಟ್ಟಿದೆಯೋ ಅಲ್ಲೇ ಶುರು’ ಎಂಬ ಹಳೆ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇಂಥ ಹಳೆ ಲೆಕ್ಕಗಳು ಇನ್ನೂ ಇವೆ. ಕಿಟಕಿ ಗಾಜಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ ಯಾರೋ ಪೆಟ್ರೋಲ್ ಸುರಿದಿದ್ದಾರೆ ಎನ್ನುತ್ತಿದ್ದರು. ಕಾದ ಗಾಜಿಗೆ ಬಂಬಿನ, ಅಂದರೆ ಫೈರ್ ಎಂಜಿನ್ನಿನ, ನೀರು ಬಿದ್ದರೆ ಅದೇ ಬಿರುಕು ಬರುತ್ತದೆ ಅಂತ ಪ್ರಯೋಗದಲ್ಲಿ ಗೊತ್ತಾಯಿತು. ಗೋಡೆ ಬುಡದಲ್ಲಿ ಕಿತ್ತು ಬಿದ್ದಿದ್ದರೆ ಎಲ್‌ಪಿಜಿ, ಯಾಕೆಂದರೆ ಅದು ಗಾಳಿಗಿಂತ ಭಾರ, ಅನ್ನುವುದು ಇನ್ನೊಂದು. ಗ್ಯಾಸು ನೆಲದಲ್ಲಿ ಹರಡುವುದು ನಿಜ. ಆದರೆ ಹೊತ್ತಿಕೊಂಡ ಮೇಲೆ ಒತ್ತಡ ಕೋಣೆಯ ತುಂಬ ಏರುತ್ತದೆ, ಗೋಡೆಯ ದುರ್ಬಲ ಜಾಗ ಮೊದಲು ಬಿಟ್ಟುಕೊಡುತ್ತದೆ. ಸ್ಫೋಟದ ಜಾಗದಲ್ಲಿ ನೋಡಬೇಕಾದ್ದು ಬೇರೆ. ನೆಲದಲ್ಲಿ ಕುಳಿ ಬಿದ್ದಿದೆಯಾ? ಚೂರುಗಳು ಯಾವ ಕಡೆಗೆ, ಎಷ್ಟು ದೂರ ಹಾರಿವೆ? ಕೋಣೆ ತುಂಬ ಹರಡಿದ ಗ್ಯಾಸು ಸಿಡಿದರೆ ಸಾಮಾನ್ಯವಾಗಿ ಕುಳಿ ಆಗುವುದಿಲ್ಲ.

ಸ್ಯಾಂಪಲ್ ವಿಷಯದಲ್ಲಿ ನಮ್ಮ ಕಡೆ ಜಾಸ್ತಿ ಕೆಡುತ್ತದೆ. ಪೆಟ್ರೋಲ್ ಅನುಮಾನ ಇರುವ ರಗ್ಗಿನ ತುಂಡನ್ನು ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕಳಿಸುತ್ತಾರೆ. ಆ ಆವಿ ಚೀಲದ ಮೂಲಕ ಹೊರಗೆ ಹೋಗುತ್ತದೆ, ಹೊರಗಿನದು ಒಳಗೂ ಬರುತ್ತದೆ. ಹೊಸ, ಖಾಲಿ ಪೇಂಟ್ ಡಬ್ಬಿ ಅಥವಾ ಬಿಗಿ ಮುಚ್ಚಳದ ಗಾಜಿನ ಬಾಟಲಿ ಬಳಸಿ, ಮೇಲೆ ಸ್ವಲ್ಪ ಜಾಗ ಖಾಲಿ ಬಿಡಿ. ಅದೇ ರಗ್ಗಿನ ಅನುಮಾನವಿಲ್ಲದ ತುಂಡೊಂದನ್ನೂ ಬೇರೆ ಡಬ್ಬಿಯಲ್ಲಿ ಕಳಿಸಿ. ಫೋಮು, ಪ್ಲಾಸ್ಟಿಕ್ ಸುಟ್ಟಾಗಲೂ ಹೈಡ್ರೋಕಾರ್ಬನ್ ಬರುತ್ತದೆ, ಹೋಲಿಸಿ ನೋಡಲು ಏನೂ ಇಲ್ಲದಿದ್ದರೆ ಲ್ಯಾಬಿನವರಾದರೂ ಏನು ಮಾಡಬೇಕು?

ಕೊನೆಗೆ ವರದಿ. ‘ಬೇರೆ ಕಾರಣ ಏನೂ ಸಿಗಲಿಲ್ಲ, ಆದ್ದರಿಂದ ಶಾರ್ಟ್ ಸರ್ಕಿಟ್’ ಎಂಬ ದಾರಿಯನ್ನು ಎನ್‌ಎಫ್‌ಪಿಎ 921ರ 2011ರ ಆವೃತ್ತಿ ಸ್ಪಷ್ಟವಾಗಿ ತಳ್ಳಿಹಾಕಿದೆ. ‘ಬೇಕಂತಲೇ ಹಚ್ಚಿದ್ದು’ ಎಂಬುದಕ್ಕೂ ಇದೇ ಮಾತು. ಸಾಕ್ಷಿ ಇಲ್ಲದಿದ್ದರೆ ‘ಕಾರಣ ನಿರ್ಧಾರವಾಗಿಲ್ಲ’ ಅಂತ ಬರೆಯಬೇಕು. ಕಂಪನಿಯವರಿಗೆ ಇಷ್ಟ ಆಗುವುದಿಲ್ಲ, ಫೈಲು ಮುಚ್ಚಬೇಕಲ್ಲ. ನನ್ನನ್ನು ಕೇಳಿದರೆ, ಆ ಮಾತು ಬರೆಯಲು ಧೈರ್ಯ ಇರುವ ಸರ್ವೇಯರ್ ಸರ್ಟಿಫಿಕೇಟ್ ಇಲ್ಲದಿದ್ದರೂ ನಂಬಿಕಸ್ಥ. ನಿಮ್ಮ ಹಿರಿಯರು ಹೀಗೆ ಬರೆದ ಒಂದು ವರದಿಯನ್ನಾದರೂ ತೋರಿಸಲು ಕೇಳಿ. ಒಂದೂ ಇಲ್ಲದಿದ್ದರೆ ಕಲಿಯಲು ಇನ್ನೊಬ್ಬರನ್ನು ಹುಡುಕಿ.

ಪ್ರಶ್ನೆ: ವಾಸ್ಕೊದಲ್ಲಿ ಇದ್ದೇವೆ, ಮೂಲ ಗದಗ. ಮಗಳು ಬಿಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಬೆಂಕಿ ತನಿಖೆಯಲ್ಲಿ ಹುಡುಗಿಯರಿಗೆ ಕೆಲಸ ಇದೆಯಾ? ಗೋವಾದಲ್ಲೇ ಓದಬಹುದಾ?

ಉತ್ತರ: ಇದೆ, ಓದಲೂಬಹುದು. ನ್ಯಾಷನಲ್ ಫೋರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿಯ ಕ್ಯಾಂಪಸ್ ಫೋಂಡಾದಲ್ಲಿದೆ. ಊರ ಕಡೆಗೇ ಹೋಗುವುದಾದರೆ ಧಾರವಾಡದಲ್ಲೂ ಇದೆ. ಎನ್‌ಎಫ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕೆಮಿಸ್ಟ್ರಿ ಓದಿದವರಿಗೆ ಲ್ಯಾಬ್ ಕೆಲಸ ಸರಿಹೊಂದುತ್ತದೆ. ಬೂದಿಯೊಳಗಿನ ಪೆಟ್ರೋಲ್ ಗುರುತನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ, ಆವಿಯನ್ನು ಬಿಡಿಸಿ ನೋಡುವ ಪರೀಕ್ಷೆಯಲ್ಲಿ ಹುಡುಕುವವರು ಲ್ಯಾಬಿನವರೇ. ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ ಫೋರೆನ್ಸಿಕ್ ತಜ್ಞರು ಸ್ಥಳಕ್ಕೇ ಹೋಗಬೇಕು ಅಂತ ಅಪರಾಧ ತನಿಖೆಯ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ, ಆದ್ದರಿಂದ ಇಂಥವರು ಇನ್ನೂ ಬೇಕಾಗುತ್ತಾರೆ. ಲ್ಯಾಬ್ ಅಂದರೆ ಎಸಿ ರೂಮು ಅಂತ ಮಾತ್ರ ಅಂದುಕೊಳ್ಳಬೇಡಿ. ಸುಟ್ಟ ಬಟ್ಟೆ, ಕೆಲವೊಮ್ಮೆ ಸುಟ್ಟ ದೇಹದ ಸ್ಯಾಂಪಲ್ಲೂ ಮೇಜಿನ ಮೇಲೆ ಬರುತ್ತದೆ. ಮಗಳ ಹತ್ತಿರ ಇದನ್ನು ಈಗಲೇ ಮಾತಾಡಿ.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದು ಸಣ್ಣ ಹೋಟೆಲು. ಅಡಿಗೆಮನೆಗೆ ಬೆಂಕಿ ಬಿದ್ದರೆ ನಾವೇ ಖಾಸಗಿ ತನಿಖೆಗಾರರನ್ನು ಕರೆಸಬಹುದಾ? ಅವರು ಬರುವ ತನಕ ಏನು ಮಾಡಬೇಕು?

ಉತ್ತರ: ಕರೆಸಬಹುದು, ಆದರೆ ಪೊಲೀಸರಿಗೂ ಇನ್ಶೂರೆನ್ಸ್‌ನವರಿಗೂ ತಿಳಿಸಿಯೇ. ಅವರು ನೋಡುವ ಮೊದಲು ನಿಮ್ಮವರು ಏನನ್ನಾದರೂ ಎತ್ತಿಟ್ಟರೆ ಅನುಮಾನ ನಿಮ್ಮ ಮೇಲೆ ತಿರುಗುತ್ತದೆ. ಕಾರಣ ಪತ್ತೆಯಾಗುವುದು ನಿಮಗೇ ಒಳ್ಳೆಯದು. 2017ರ ಡಿಸೆಂಬರಿನಲ್ಲಿ ಲೋವರ್ ಪರೇಲಿನ ಕಮಲಾ ಮಿಲ್ಸ್‌ನಲ್ಲಿ 14 ಜನ ಸತ್ತ ಬೆಂಕಿಯಲ್ಲಿ ಫೈರ್ ಬ್ರಿಗೇಡಿನ ವರದಿ ಬೊಟ್ಟು ಮಾಡಿದ್ದು ಹುಕ್ಕಾದ ಕೆಂಡದ ಕಿಡಿಯ ಕಡೆಗೆ. ಹೋಟೆಲಿನಲ್ಲಿ ನಾನು ಮೊದಲು ತಲೆ ಎತ್ತಿ ನೋಡುವುದು ಹೊಗೆ ಹೊರಗೆ ಕಳಿಸುವ ಎಕ್ಸಾಸ್ಟ್ ಡಕ್ಟಿನ ಒಳಗೆ ಜಿಡ್ಡು ಎಷ್ಟಿತ್ತು ಅನ್ನುವುದನ್ನು.

ಬೆಂಕಿ ಆರಿದ ಮೇಲೆ ಗುಡಿಸಬೇಡಿ, ತೊಳೆಯಬೇಡಿ. ಇದು ಹೇಳಲು ಸುಲಭ. ಮರುದಿನ ಇಡ್ಲಿ ಹಾಕಬೇಕಾದ ಮಾಲಕರಿಗೆ ಕಷ್ಟ ಅಂತ ಗೊತ್ತು. ಬಾಗಿಲಿನಿಂದಲೇ ನಾಲ್ಕೂ ಮೂಲೆಯ ಫೋಟೊ ತೆಗೆಯಿರಿ. ಫೈರ್ ಬ್ರಿಗೇಡಿನವರು ಬಂದು ಹೋದ ಮೇಲೆ ಸಿಲಿಂಡರಿನ ವಾಲ್ವು, ರೆಗ್ಯುಲೇಟರು, ಬರ್ನರಿನ ನಾಬು ಯಾವುದನ್ನೂ ತಿರುಗಿಸಬೇಡಿ. ತೆರೆದಿತ್ತಾ ಮುಚ್ಚಿತ್ತಾ ಅನ್ನುವುದರ ಮೇಲೆಯೇ ಎಷ್ಟೋ ಕೇಸು ನಿಲ್ಲುತ್ತದೆ. ಮೇನ್ ಸ್ವಿಚ್ ಯಾರು, ಯಾವಾಗ ಆಫ್ ಮಾಡಿದರು ಅಂತ ಬರೆದಿಡಿ. ಸಿಸಿಟಿವಿ ಡಬ್ಬ ಸುಟ್ಟಿದ್ದರೂ ಬಿಸಾಡಬೇಡಿ, ಕರೆಂಟು ಕೊಟ್ಟು ನೋಡಲೂ ಹೋಗಬೇಡಿ. ಭಟ್ಟಿ ಹತ್ತಿರ ಇದ್ದ ಹುಡುಗರು ಊರಿಗೆ ಹೋಗುವ ಮೊದಲು, ಹೊಗೆ ಮೊದಲು ಎಲ್ಲಿ ಕಂಡಿತು ಅಂತ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿ.

ಕರೆಸಿದ ತನಿಖೆಗಾರರು ಕ್ಲೇಮಿನ ಮೊತ್ತದಲ್ಲಿ ಪಾಲು ಕೇಳಿದರೆ ಅಲ್ಲಿಗೇ ಬಿಡಿ. ಅಂಥವರ ವರದಿ ಎದುರು ವಕೀಲರ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. ಫೀಸು ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.